ಹದಿನೆಂಟು ತುಂಟರ ಮಾಸ್ತರರು

ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಬಾಸ್ಕೆಟ್‌ಬಾಲ್ ಅಂಗಣ ಕಾಣಸಿಗುವುದು ಅಪರೂಪ. ಕಬಡ್ಡಿಯ ಗೆರೆ ಎಳೆದ ಕೆಂಪು ಮಣ್ಣಿನ ಅಂಗಳ, ಎರಡು ಅಡಿಕೆ ಕಂಬಗಳ ನಡುವೆ ಕಟ್ಟಿದ ವಾಲಿಬಾಲ್ ಬಲೆ. ಬದಿಯಡ್ಕದಿಂದ ಮಂಜೇಶ್ವರದವರೆಗೆ ಹೆಚ್ಚಿನ ಶಾಲೆಗಳ ಆಟದ ಬಯಲೆಂದರೆ ಇಷ್ಟೆ. ಹೀಗಿರುವಾಗ ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ಅವರನ್ನು ಇಲ್ಲಿ ನೆನೆಯುವುದೇಕೆ ಎಂದು ರಕ್ಷಕರು ಕೇಳಬಹುದು. ಅವರು ಮಾಸ್ತರರಾಗಿದ್ದರು, ಅದೂ ಬೇರೆ ಯಾರಿಗೂ ಬೇಡವಾಗಿದ್ದ ಒಂದು ತರಗತಿಯ ಮಾಸ್ತರರು ಎಂಬುದೇ ನಮ್ಮ ಉತ್ತರ. ನವೆಂಬರ್ 28 ಅವರು ತೀರಿಕೊಂಡ ದಿನ.

1861ರ ನವೆಂಬರ್ 6ರಂದು ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದ ಆಲ್ಮಂಟ್ ಎಂಬ ಸಣ್ಣ ಊರಿನ ಬಳಿ ಅವರ ಜನನ. ಸ್ಕಾಟ್ಲೆಂಡ್ ಮೂಲದ ಕುಟುಂಬ. ತಂದೆ ಜಾನ್ ನೈಸ್ಮಿತ್, ತಾಯಿ ಮಾರ್ಗರೆಟ್ ಯಂಗ್. 1870ರಲ್ಲಿ ಮರದ ಮಿಲ್ಲಿನ ಕೆಲಸಕ್ಕೆಂದು ಹೋಗಿದ್ದ ತಂದೆಗೆ ಟೈಫಾಯ್ಡ್ ಜ್ವರ ತಗುಲಿತು. ಕೆಲವೇ ವಾರಗಳ ಅಂತರದಲ್ಲಿ ತಂದೆ ತಾಯಿ ಇಬ್ಬರೂ ಇಲ್ಲವಾದರು. ಅಕ್ಕ ಆ್ಯನಿ, ತಮ್ಮ ರಾಬಿ, ನಡುವಿನವನಾದ ಜೇಮ್ಸ್. ಆಗ ಜೇಮ್ಸನಿಗೆ ಒಂಬತ್ತು ವರ್ಷ. ಮಕ್ಕಳನ್ನು ಸಲಹುವ ಹೊಣೆ ಕೊನೆಗೆ ಸೋದರಮಾವ ಪೀಟರ್ ಯಂಗ್ ಅವರ ಹೆಗಲಿಗೆ ಬಿತ್ತು. ಮಾವ ಅವಿವಾಹಿತರು, ಕಟ್ಟುನಿಟ್ಟಿನವರು, ಹೊಲದಲ್ಲಿ ದುಡಿದು ಉಣ್ಣುವವರು. ಹುಡುಗನಿಗೆ ಕೊಡಲು ಅವರಲ್ಲಿ ಹಣವಿರಲಿಲ್ಲ, ಕೆಲಸ ಮಾತ್ರ ಧಾರಾಳವಾಗಿತ್ತು. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರುವ ಸ್ಕೇಟ್ ಕೊಳ್ಳಲಾಗದೆ, ಹಳೆಯ ಅರಗಳೆರಡನ್ನು ಮರದ ಪಟ್ಟಿಗಳಿಗೆ ಜೋಡಿಸಿ ಜೇಮ್ಸ್ ತಾನೇ ಸ್ಕೇಟ್ ಮಾಡಿಕೊಂಡನಂತೆ.

ಊರಿನ ಮಕ್ಕಳು ಆಡುತ್ತಿದ್ದ ಒಂದು ಆಟವನ್ನು ಇಲ್ಲಿ ಹೇಳಬೇಕು, ಮುಂದೆ ಅದು ಬೇಕಾಗುತ್ತದೆ. ದೊಡ್ಡ ಬಂಡೆಯೊಂದರ ಮೇಲೆ ಮುಷ್ಟಿ ಗಾತ್ರದ ಕಲ್ಲನ್ನಿಟ್ಟು, ದೂರದಿಂದ ಕಲ್ಲೆಸೆದು ಅದನ್ನು ಬೀಳಿಸುವುದು. ಎಸೆದವನು ತನ್ನ ಕಲ್ಲನ್ನು ಮರಳಿ ಹೆಕ್ಕಿಕೊಳ್ಳುವುದರೊಳಗೆ ಕಾವಲಿನವನು ಅವನನ್ನು ಮುಟ್ಟಿ ಹಿಡಿಯುವುದು. ನಮ್ಮ ಲಗೋರಿಗೆ ದೂರದ ನೆಂಟನೆನ್ನಬಹುದು. ಅದಕ್ಕೆ ಅಲ್ಲಿ ಬಂಡೆಯ ಮೇಲಿನ ಬಾತುಕೋಳಿ ಎಂಬ ಅರ್ಥದ ಹೆಸರು. ಕಲ್ಲನ್ನು ನೇರವಾಗಿ ಬಿರುಸಿನಿಂದ ಎಸೆದರೆ ಅದು ಗುರಿ ತಪ್ಪಿ ಬಹುದೂರ ಹೋಗಿ ಬೀಳುತ್ತಿತ್ತು, ಹೆಕ್ಕಲು ಹೋದವನು ಸಿಕ್ಕಿಬೀಳುತ್ತಿದ್ದ. ಮೇಲಕ್ಕೆ ಕಮಾನಿನಂತೆ ಮೆಲ್ಲಗೆ ಎಸೆದವನು ಗೆಲ್ಲುತ್ತಿದ್ದ. ಇದನ್ನು ಜೇಮ್ಸ್ ಗಮನಿಸಿದ್ದ.

ಓದಿನಲ್ಲಿ ಅವನು ಅಷ್ಟಕ್ಕಷ್ಟೆ. ಹದಿನೈದರ ಪ್ರಾಯದಲ್ಲಿ ಹೈಸ್ಕೂಲು ಬಿಟ್ಟು ಕಾಡಿಗೆ ಹೋಗಿ ಮರ ಕಡಿಯುವವರ ಜೊತೆ ಸೇರಿದ. ಸುಮಾರು ಐದು ವರ್ಷ ಹಾಗೆಯೇ ಕಳೆಯಿತು. ಬಳಿಕ, ಇಪ್ಪತ್ತರ ಹೊತ್ತಿಗೆ, ಬಿಟ್ಟ ಶಾಲೆಗೆ ಮರಳಿ ಬಂದು ತನಗಿಂತ ಚಿಕ್ಕವರ ಬೆಂಚಿನಲ್ಲಿ ಕುಳಿತ. ಈ ಒಂದು ಸಂಗತಿಯ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಹತ್ತನೆಯ ತರಗತಿ ಮುಗಿಯುವ ಮೊದಲೇ ಹೋಟೆಲಿಗೋ ಗ್ಯಾರೇಜಿಗೋ ಹೋದ ಹುಡುಗರ ಮನೆಗಳಿಗೆ ನಾವು ಹೋಗಿದ್ದೇವೆ. ಮರಳಿ ಬಾ ಎಂದರೆ ಅವರು ಹೇಳುವ ಕಾರಣ ಬಡತನಕ್ಕಿಂತ ಹೆಚ್ಚಾಗಿ ನಾಚಿಕೆ. ಮೀಸೆ ಬಂದ ಮೇಲೆ ಚಡ್ಡಿಯ ಮಕ್ಕಳ ನಡುವೆ ಕುಳಿತುಕೊಳ್ಳುವ ನಾಚಿಕೆಯನ್ನು ಗೆಲ್ಲುವುದು ಸಣ್ಣ ಸಾಧನೆಯಲ್ಲ. ನೈಸ್ಮಿತ್ ಅದನ್ನು ಗೆದ್ದರು. 1883ರಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯ ಸೇರಿ ಪದವಿ ಪಡೆದರು. ಆಮೇಲೆ ಪಾದ್ರಿಯಾಗುವ ಸಲುವಾಗಿ 1890ರವರೆಗೆ ದೇವಶಾಸ್ತ್ರ ಓದಿದರು.

ಪಾದ್ರಿಯಾಗಬೇಕಾದವನು ಆಟದ ಬಯಲಿನಲ್ಲಿ ಕಾಲ ಕಳೆಯುವುದು ಅಕ್ಕ ಆ್ಯನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಆ ಕಾಲದ ಮಡಿವಂತರಿಗೆ ಆಟವೆಂದರೆ ಪೋಲಿತನ. ಮೈಯನ್ನು ತಿದ್ದುವುದರ ಮೂಲಕವೂ ಹುಡುಗರ ನಡತೆಯನ್ನು ತಿದ್ದಬಹುದು ಎಂಬ ನಂಬಿಕೆ ನೈಸ್ಮಿತ್ ಅವರದು. ವ್ಯಾಯಾಮ ಶಿಕ್ಷಕರನ್ನು ತರಬೇತುಗೊಳಿಸುವ ವೈಎಂಸಿಎ ಸಂಸ್ಥೆಯ ಶಾಲೆಯೊಂದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿದೆ ಎಂದು ತಿಳಿದು 1890ರಲ್ಲಿ ಅಲ್ಲಿಗೆ ಹೋದರು. ಮರುವರ್ಷ ಅಲ್ಲಿಯೇ ಶಿಕ್ಷಕರಾದರು.

1891ರ ಚಳಿಗಾಲ. ಹೊರಗೆ ಹಿಮ. ಶರತ್ಕಾಲದಲ್ಲಿ ಫುಟ್‌ಬಾಲ್, ವಸಂತದಲ್ಲಿ ಬೇಸ್‌ಬಾಲ್ ಆಡುವ ಯುವಕರಿಗೆ ಈ ನಡುವಿನ ತಿಂಗಳುಗಳಲ್ಲಿ ಒಳಾಂಗಣದಲ್ಲಿ ಕವಾಯತು ಮಾತ್ರ. ಕೈ ಮೇಲೆ, ಕೈ ಕೆಳಗೆ. ಹದಿನೆಂಟು ಮಂದಿಯ ಒಂದು ತರಗತಿ ಇದರಿಂದ ಬೇಸತ್ತು ಹೋಗಿತ್ತು. ಅವರು ಚಿಕ್ಕ ಮಕ್ಕಳಲ್ಲ, ಬೆಳೆದ ಗಂಡಸರು. ಇಬ್ಬರು ಶಿಕ್ಷಕರು ಈ ತರಗತಿಯನ್ನು ನಿಭಾಯಿಸಲಾರದೆ ಕೈಬಿಟ್ಟಿದ್ದರು. ವಿಭಾಗದ ಮುಖ್ಯಸ್ಥ ಲೂಥರ್ ಗುಲಿಕ್ ಅದನ್ನು ನೈಸ್ಮಿತ್ ಅವರಿಗೆ ಒಪ್ಪಿಸಿದರು. ಒಳಾಂಗಣದಲ್ಲಿ ಆಡಬಹುದಾದ, ಯಾರಿಗೂ ಪೆಟ್ಟಾಗದ ಹೊಸ ಆಟವೊಂದನ್ನು ಹದಿನಾಲ್ಕು ದಿನಗಳಲ್ಲಿ ಕಂಡುಹಿಡಿಯುವಂತೆ ಹೇಳಿದರು. ಗುಲಿಕ್ ಪ್ರಾಯದಲ್ಲಿ ನೈಸ್ಮಿತ್‌ಗಿಂತ ನಾಲ್ಕು ವರ್ಷ ಕಿರಿಯರು. ಆಜ್ಞೆ ಮಾತ್ರ ಹಿರಿಯರದೇ. ನೈಸ್ಮಿತ್ ಅವರಿಗೆ ಆಗ ಮೂವತ್ತು ವರ್ಷ.

ಹನ್ನೆರಡು ದಿನಗಳಿಗೂ ಹೆಚ್ಚು ಕಾಲ ಅವರು ಸೋತರು. ಫುಟ್‌ಬಾಲನ್ನು ಮೆದುಗೊಳಿಸಿ ಒಳಗೆ ಆಡಿಸಿದರು. ಮೆದು ಆಟ ಹುಡುಗರಿಗೆ ಸಪ್ಪೆಯೆನಿಸಿತು. ಕಾಲ್ಚೆಂಡನ್ನು ಒಳಗೆ ತಂದರು. ಕಿಟಕಿಯ ಗಾಜಿಗೂ ಕಾಲಿನ ಗಂಟಿಗೂ ಅಪಾಯವಾಯಿತು. ಲಕ್ರಾಸ್ ಎಂಬ ಕೋಲಿನ ಆಟವೂ ಅಷ್ಟೆ. ಕೊನೆಗೆ ಆಟಗಳನ್ನು ಬದಿಗಿಟ್ಟು ಅವರು ಕಾರಣಗಳ ಹಿಂದೆ ಹೋದರು. ಫುಟ್‌ಬಾಲಿನಲ್ಲಿ ಒಬ್ಬನನ್ನು ಕೆಡವುವುದೇಕೆ? ಅವನು ಚೆಂಡು ಹಿಡಿದು ಓಡುವುದರಿಂದ. ಓಟವನ್ನೇ ನಿಷೇಧಿಸಿದರೆ ಕೆಡವುವ ಅಗತ್ಯವಿಲ್ಲ. ಗೋಲಿಗೆ ಬಿರುಸಿನಿಂದ ಹೊಡೆಯುವುದೇಕೆ? ಗೋಲು ನೆಟ್ಟಗೆ ಎದುರಿಗೆ ನಿಂತಿರುವುದರಿಂದ. ಗೋಲನ್ನು ತಲೆಯ ಮೇಲಕ್ಕೆ ಏರಿಸಿ ಬಾಯಿ ಆಕಾಶಕ್ಕೆ ಮಾಡಿದರೆ ಚೆಂಡನ್ನು ಮೆಲ್ಲಗೆ ಎತ್ತಿ ಹಾಕಲೇಬೇಕು. ಬಾಲ್ಯದ ಬಂಡೆಯೂ ಕಮಾನಿನಂತೆ ಹಾರಿದ ಕಲ್ಲೂ ಆಗ ನೆನಪಿಗೆ ಬಂದವು.

ಕಟ್ಟಡವನ್ನು ನೋಡಿಕೊಳ್ಳುತ್ತಿದ್ದ ಸ್ಟೆಬಿನ್ಸ್ ಎಂಬವರಲ್ಲಿ ಅವರು ಎರಡು ಪೆಟ್ಟಿಗೆ ಕೇಳಿದರು. ಪೆಟ್ಟಿಗೆ ಇರಲಿಲ್ಲ, ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳಿದ್ದವು. ಒಳಾಂಗಣದ ಎರಡು ತುದಿಗಳಲ್ಲಿ ಮೇಲಂತಸ್ತಿನ ಕಟಕಟೆಗೆ ಅವನ್ನು ಮೊಳೆ ಹೊಡೆದು ತೂಗಿಸಿದರು. ಆ ಕಟಕಟೆ ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಇಂದು ಜಗತ್ತಿನ ಎಲ್ಲ ಬಾಸ್ಕೆಟ್‌ಬಾಲ್ ಅಂಗಣಗಳಲ್ಲಿಯೂ ಬಳೆ ಹತ್ತು ಅಡಿ ಎತ್ತರದಲ್ಲಿರುವುದಕ್ಕೆ ಆ ಕಟಕಟೆಯ ಹೊರತು ಬೇರೆ ಶಾಸ್ತ್ರವಿಲ್ಲ. ಹದಿಮೂರು ನಿಯಮಗಳನ್ನು ಬರೆದು, ಕಚೇರಿಯಲ್ಲಿ ಬೆರಳಚ್ಚು ಮಾಡಿಸಿ, ಸೂಚನಾ ಫಲಕಕ್ಕೆ ಅಂಟಿಸಿದರು. ಹದಿನೆಂಟು ಮಂದಿಯನ್ನು ಒಂಬತ್ತೊಂಬತ್ತರ ಎರಡು ತಂಡಗಳಾಗಿ ಮಾಡಿದರು. 1891ರ ಡಿಸೆಂಬರ್ 21ರಂದು ನಡೆದ ಆ ಮೊದಲ ಆಟದಲ್ಲಿ ಬಿದ್ದದ್ದು ಒಂದೇ ಒಂದು ಗೋಲು. ಅದನ್ನು ಹಾಕಿದವನು ವಿಲಿಯಂ ಚೇಸ್. ಬುಟ್ಟಿಗೆ ತಳವಿದ್ದುದರಿಂದ ಚೆಂಡನ್ನು ಹೊರತೆಗೆಯಲು ಒಬ್ಬರು ಮೇಲೇರಬೇಕಾಗಿತ್ತು.

ಕಥೆ ಹೀಗೆ ನಯವಾಗಿ ಪುಸ್ತಕಗಳಲ್ಲಿದೆ. ಆದರೆ 1939ರಲ್ಲಿ, ತಮ್ಮ ಬದುಕಿನ ಕೊನೆಯ ವರ್ಷ, ರೇಡಿಯೋದಲ್ಲಿ ಮಾತನಾಡುತ್ತ ನೈಸ್ಮಿತ್ ಇನ್ನೊಂದು ರೀತಿಯಾಗಿಯೂ ನೆನಪಿಸಿಕೊಂಡರು: ಮೊದಲ ಯತ್ನದಲ್ಲಿ ಹುಡುಗರು ಹೊಡೆದಾಡಿಕೊಂಡರು, ಕೆಲವರ ಕಣ್ಣು ಬಾತುಕೊಂಡಿತು, ಒಬ್ಬನ ಭುಜದ ಕೀಲು ತಪ್ಪಿತು, ಚೆಂಡು ಹಿಡಿದು ಓಡಬಾರದೆಂಬ ನಿಯಮ ಆಮೇಲೆ ಹುಟ್ಟಿಕೊಂಡಿತು. ಯಾವುದು ಸರಿಯಾದರೂ ತರಗತಿ ನಡೆಸಿದವರಿಗೆ ಈ ಎರಡನೆಯದೇ ಹೆಚ್ಚು ಸಹಜವೆನಿಸೀತು. ಅಂತೂ ಜಗಳ ನಿಂತಿತು, ಆಟ ಉಳಿಯಿತು. ರಜೆಗೆ ಊರಿಗೆ ಹೋದ ವಿದ್ಯಾರ್ಥಿಗಳು ಅದನ್ನು ತಮ್ಮೂರಿಗೆ ಕೊಂಡೊಯ್ದರು. ಆಟಕ್ಕೆ ನೈಸ್ಮಿತ್ ಚೆಂಡು ಎಂದೇ ಹೆಸರಿಡೋಣ ಎಂದು ಫ್ರ್ಯಾಂಕ್ ಮಹಾನ್ ಎಂಬ ವಿದ್ಯಾರ್ಥಿ ಸೂಚಿಸಿದಾಗ ಮಾಸ್ತರರು ನಕ್ಕುಬಿಟ್ಟರು. ಅಂಥ ಹೆಸರಿಟ್ಟರೆ ಯಾವ ಆಟವೂ ಸಾಯುತ್ತದೆ ಎಂಬುದು ಅವರ ಅಭಿಪ್ರಾಯ. ಬುಟ್ಟಿ ಇದೆ, ಚೆಂಡು ಇದೆ, ಅದೇ ಹೆಸರಾಯಿತು. ಆ ಹದಿನೆಂಟರಲ್ಲಿ ಜಪಾನಿನ ಗೆನ್ಜಬುರೋ ಇಶಿಕಾವ ಕೂಡ ಇದ್ದರು. ಮೊದಲ ಆಟದ ಚಿತ್ರವನ್ನು ಬರೆದುಕೊಟ್ಟವರು ಅವರೇ.

ನಮ್ಮವರ ಪ್ರೀತಿಯ ವಾಲಿಬಾಲ್ ಕೂಡ ಇದೇ ಬಳ್ಳಿಯ ಕಾಯಿ. ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ ಕಲಿತ ವಿಲಿಯಂ ಮಾರ್ಗನ್, ಸಮೀಪದ ಹೋಲಿಯೋಕ್ ಎಂಬ ಊರಿನಲ್ಲಿ 1895ರಲ್ಲಿ ಅದನ್ನು ರೂಪಿಸಿದರು. ಬಾಸ್ಕೆಟ್‌ಬಾಲಿನ ಓಟ ಪ್ರಾಯ ಸಂದವರಿಗೆ ಹೆಚ್ಚಾಗುತ್ತದೆಂದು ಅವರು ನಡುವೆ ಬಲೆ ಕಟ್ಟಿದರು.

ಒಳಾಂಗಣದ ಗದ್ದಲ ಕೇಳಿ ನೆರೆಯ ಶಾಲೆಯ ಅಧ್ಯಾಪಿಕೆಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾವೂ ಆಡಬಹುದೇ ಎಂದು ಕೇಳಿದರು. ಆಗಬಹುದೆಂದು ನೈಸ್ಮಿತ್ ಒಪ್ಪಿದರು. ಉದ್ದ ಲಂಗದಲ್ಲಿ, ಬಿಗಿ ತೋಳಿನ ಉಡುಪಿನಲ್ಲಿ 1892ರಲ್ಲಿಯೇ ಮಹಿಳೆಯರು ಆಡಿದರು. ಆ ಮೊದಲ ಆಟಗಾರ್ತಿಯರಲ್ಲಿ ಮೌಡ್ ಶೆರ್ಮನ್ ಎಂಬ ತರುಣಿಯೂ ಒಬ್ಬರು. 1894ರ ಜೂನ್ ತಿಂಗಳಲ್ಲಿ ಜೇಮ್ಸ್ ಮತ್ತು ಮೌಡ್ ಮದುವೆಯಾದರು.

ಒಂಬತ್ತರ ಪ್ರಾಯದಲ್ಲಿ ಮನೆಯನ್ನು ಕಳೆದುಕೊಂಡವನಿಗೆ ಮನೆಯೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಮದುವೆಯಾದ ಮರುವರ್ಷ ದಂಪತಿಗಳು ಡೆನ್ವರ್ ನಗರಕ್ಕೆ ಹೋದರು. ಅಲ್ಲಿ ವೈಎಂಸಿಎಯಲ್ಲಿ ವ್ಯಾಯಾಮ ನಿರ್ದೇಶಕನ ಕೆಲಸ ಮಾಡುತ್ತಲೇ ನೈಸ್ಮಿತ್ ವೈದ್ಯಕೀಯ ಓದಿದರು; ಮನೆಯಲ್ಲಿ ಕೂಸು, ಕೈಯಲ್ಲಿ ಪಠ್ಯಪುಸ್ತಕ. 1898ರಲ್ಲಿ ವೈದ್ಯರಾದರು. ಆದರೆ ವೈದ್ಯವೃತ್ತಿಯಲ್ಲಿ ಹಣ ಮಾಡಲು ಹೋಗದೆ, ಅದೇ ವರ್ಷ ಕಾನ್ಸಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾರ್ಥನಾ ಮಂದಿರದ ಹೊಣೆಯೊಂದಿಗೆ ದೈಹಿಕ ಶಿಕ್ಷಣದ ಶಿಕ್ಷಕರಾಗಿ ಸೇರಿದರು. ಲಾರೆನ್ಸ್ ಎಂಬ ಆ ಊರೇ ಅವರಿಗೆ ಕಡೆಯವರೆಗೂ ಮನೆಯಾಯಿತು. ಐದು ಮಕ್ಕಳು, ಮೂವರು ಹೆಣ್ಣು, ಇಬ್ಬರು ಗಂಡು. ನೈಸ್ಮಿತ್‌ರ ತಂದೆತಾಯಿಯರನ್ನು ಕೊಂಡೊಯ್ದ ಟೈಫಾಯ್ಡ್ ಮೌಡ್ ಅವರನ್ನೂ ಹಿಡಿಯಿತು. ಜೀವ ಉಳಿಯಿತು, ಕಿವಿ ಹೋಯಿತು. ಕೇಳಿಸದ ಹೆಂಡತಿಯೊಂದಿಗೆ, ಐದು ಮಕ್ಕಳೊಂದಿಗೆ, ಮಾಸ್ತರಿಕೆಯ ಸಂಬಳದಲ್ಲಿ ಅವರು ನಾಲ್ಕು ದಶಕ ಸಂಸಾರ ಮಾಡಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರ ನಡುವೆ ಕೆಲಸ ಮಾಡಲು ಫ್ರಾನ್ಸಿಗೆ ಹೋಗಿ ಸುಮಾರು ಒಂದೂವರೆ ವರ್ಷ ಮನೆಯಿಂದ ದೂರವಿದ್ದಾಗ ಮನೆಗೆ ಕಾಗದ ಬರೆಯುತ್ತಿದ್ದರು. ಆ ಒಂದೂವರೆ ವರ್ಷ ಮನೆಯ ಭಾರ ಪೂರ್ತಿಯಾಗಿ ಮೌಡ್ ಅವರ ಮೇಲಿತ್ತು ಎಂಬುದನ್ನೂ ನಾವು ಮರೆಯಬಾರದು. ಗಂಡಸರ ಜೀವನಚರಿತ್ರೆಗಳಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ತರಬೇತುದಾರರಾಗಿ ಅವರು ಹೇಗಿದ್ದರು? ಕಾನ್ಸಸ್ ತಂಡ 1899ರ ಫೆಬ್ರವರಿಯಲ್ಲಿ ಆಡಿದ ಮೊದಲ ಪಂದ್ಯದಲ್ಲಿ 5-16ರಿಂದ ಸೋತಿತು. 1907ರವರೆಗೆ ಅವರ ಕೈಕೆಳಗೆ ತಂಡ 55 ಪಂದ್ಯ ಗೆದ್ದು 60 ಸೋತಿತು. ಆಟವನ್ನು ಹುಟ್ಟಿಸಿದವರ ಗೆಲುವಿಗಿಂತ ಸೋಲೇ ಹೆಚ್ಚು! ಗೆಲ್ಲುವುದಕ್ಕಾಗಿ ಹುಡುಗರನ್ನು ಹುರಿಗೊಳಿಸುವುದು ಅವರ ಸ್ವಭಾವಕ್ಕೆ ಒಗ್ಗದು. ಈ ಆಟವನ್ನು ಆಡುವುದಷ್ಟೆ, ಅದರಲ್ಲಿ ತರಬೇತಿ ಕೊಡುವಂಥದ್ದು ಏನೂ ಇಲ್ಲವೆಂದು ಅವರು ತಮ್ಮ ಶಿಷ್ಯ ಫಾಗ್ ಅಲೆನ್‌ಗೆ ಹೇಳಿದ್ದರಂತೆ. ಅಲೆನ್ ಅದನ್ನು ಒಪ್ಪಲಿಲ್ಲ, ಗುರುವಿನ ಬಳಿಕ ಅದೇ ತಂಡದ ತರಬೇತುದಾರರಾಗಿ ನೂರಾರು ಪಂದ್ಯ ಗೆದ್ದರು. ಈ ವಿಷಯದಲ್ಲಿ ಶಿಷ್ಯನೇ ಸರಿ ಎಂದು ನಮಗೆ ತೋರುತ್ತದೆ. ಆದರೆ ಹುಡುಗರ ಎತ್ತರ, ತೂಕ, ಎದೆಯ ಅಗಲ ಅಳೆದು ದಾಖಲೆ ಮಾಡಿ, ಬಲವಿಲ್ಲದವನಿಗೆ ಬೇಕಾದ ವ್ಯಾಯಾಮವನ್ನು ಹೇಳಿಕೊಡುತ್ತಿದ್ದ ಮಾಸ್ತರರನ್ನು ಪಂದ್ಯದ ಅಂಕಪಟ್ಟಿಯಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ.

ಹುಡುಕಬೇಕಾದ ಜಾಗ ಬೇರೆ. 1933ರಲ್ಲಿ ಜಾನ್ ಮೆಕ್ಲೆಂಡನ್ ಎಂಬ ಹುಡುಗ ಕಾನ್ಸಸ್ ವಿಶ್ವವಿದ್ಯಾನಿಲಯಕ್ಕೆ ಬಂದ. ಬಾಸ್ಕೆಟ್‌ಬಾಲ್ ತರಬೇತುದಾರನಾಗಬೇಕೆಂಬುದು ಅವನ ಆಸೆ. ಆದರೆ ಅವನು ಕಪ್ಪುಜನಾಂಗದವನು; ವಿಶ್ವವಿದ್ಯಾನಿಲಯದ ತಂಡದಲ್ಲಿ ಅವನಿಗೆ ಎಡೆಯಿರಲಿಲ್ಲ. ತಂದೆಯ ಸಲಹೆಯಂತೆ ಅವನು ನೇರವಾಗಿ ನೈಸ್ಮಿತ್‌ರ ಕೋಣೆಗೆ ಹೋಗಿ, ನೀವೇ ನನ್ನ ಮಾರ್ಗದರ್ಶಕರು ಎಂದು ತಿಳಿಸಿದ. ಮಾಸ್ತರರಿಗೆ ಆಗ ಎಪ್ಪತ್ತು ಕಳೆದಿತ್ತು. ಅವರು ಹುಡುಗನನ್ನು ಒಪ್ಪಿಕೊಂಡರು, ಪಾಠ ಹೇಳಿದರು, ಅಧ್ಯಾಪನದ ಅಭ್ಯಾಸಕ್ಕೆ ಹೈಸ್ಕೂಲಿನಲ್ಲಿ ಅವಕಾಶ ದೊರಕಿಸಿಕೊಟ್ಟರು. ದೈಹಿಕ ಶಿಕ್ಷಣದ ಪದವಿಗೆ ಈಜು ಬೇಕೇ ಬೇಕು. ಈಜುಕೊಳಕ್ಕೆ ಕಪ್ಪು ವಿದ್ಯಾರ್ಥಿ ಇಳಿಯಬಾರದೆಂಬ ಅಲಿಖಿತ ಕಟ್ಟಳೆ. ಈಜದಿದ್ದರೂ ಪಾಸು ಮಾಡುತ್ತೇವೆ ಎಂಬ ರಾಜಿಗೆ ಮೆಕ್ಲೆಂಡನ್ ಒಪ್ಪಲಿಲ್ಲ, ಹಠ ಹಿಡಿದ. ಮಾಸ್ತರರು ಅವನ ಬೆನ್ನಿಗೆ ನಿಂತರು. 1936ರಲ್ಲಿ ಅವನು ಪದವೀಧರನಾದ. ವಿಶ್ವವಿದ್ಯಾನಿಲಯದ ತಂಡದಲ್ಲಿ ಒಂದು ಪಂದ್ಯವನ್ನೂ ಆಡಲಾಗದ ಆ ಹುಡುಗ ಮುಂದೆ ತರಬೇತುದಾರನಾಗಿ ಟೆನೆಸಿಯ ಕಾಲೇಜೊಂದರ ತಂಡಕ್ಕೆ 1957, 1958 ಮತ್ತು 1959ರಲ್ಲಿ ಸತತವಾಗಿ ಮೂರು ರಾಷ್ಟ್ರಮಟ್ಟದ ಪ್ರಶಸ್ತಿಗಳನ್ನು ಗೆದ್ದುಕೊಟ್ಟ.

ತಾವು ಹುಟ್ಟಿಸಿದ ಆಟದಿಂದ ನೈಸ್ಮಿತ್ ಶ್ರೀಮಂತರಾಗಲಿಲ್ಲ. ಅದರ ಮೇಲೆ ಹಕ್ಕುಸ್ವಾಮ್ಯ ಸ್ಥಾಪಿಸಲು ಹೋಗಲೂ ಇಲ್ಲ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಬಾಸ್ಕೆಟ್‌ಬಾಲ್ ಮೊದಲ ಬಾರಿ ಸೇರಿದಾಗ, ಅದನ್ನು ನೋಡಲು ಹೋಗುವಷ್ಟು ಹಣ ಅವರಲ್ಲಿರಲಿಲ್ಲ. ಅಮೆರಿಕದ ತರಬೇತುದಾರರು ಪಂದ್ಯಗಳ ಟಿಕೆಟಿನಿಂದ ಒಂದೊಂದು ಕಾಸು ಎತ್ತಿ ಅವರನ್ನು ಕಳುಹಿಸಿದರು. ಅನಾರೋಗ್ಯದಿಂದ ಮೌಡ್ ಜೊತೆಗೆ ಹೋಗಲಾಗಲಿಲ್ಲ. ಬಯಲಿನ ಮಣ್ಣಿನ ಅಂಗಣದಲ್ಲಿ, ಸುರಿಯುವ ಮಳೆಯಲ್ಲಿ ಅಂತಿಮ ಪಂದ್ಯ ನಡೆಯಿತು; ಚೆಂಡು ಪುಟಿಯಲೊಲ್ಲದು. ಅಮೆರಿಕ ಕೆನಡಾವನ್ನು 19-8ರಿಂದ ಸೋಲಿಸಿತು. ಹುಟ್ಟಿದ ನಾಡು ಒಂದು ಕಡೆ, ಬದುಕಿದ ನಾಡು ಇನ್ನೊಂದು ಕಡೆ. ಎರಡರ ಕೊರಳಿಗೂ ಪದಕ ತೊಡಿಸುವ ಕಡೆ ಅವರು ನಿಂತಿದ್ದರು. ಎರಡು ನಾಡುಗಳ ನಡುವೆ ಬದುಕುವವರಾದ ನಮಗೆ ಈ ಚಿತ್ರ ಮನಸ್ಸಿನಿಂದ ಹೋಗುವುದಿಲ್ಲ.

1937ರಲ್ಲಿ ಮೌಡ್ ತೀರಿಕೊಂಡರು. 1939ರ ಜೂನ್‌ನಲ್ಲಿ ಅವರು ಫ್ಲಾರೆನ್ಸ್ ಕಿಂಕೇಡ್ ಎಂಬವರನ್ನು ವಿವಾಹವಾದರು. ಅದೇ ವರ್ಷ ನವೆಂಬರ್ 28ರಂದು ಲಾರೆನ್ಸ್‌ನಲ್ಲಿ ನಿಧನರಾದರು. ಎಪ್ಪತ್ತೆಂಟು ವರ್ಷ. ಫಲಕಕ್ಕೆ ಅಂಟಿಸಿದ್ದ ಆ ಹದಿಮೂರು ನಿಯಮಗಳ ಎರಡು ಹಾಳೆಗಳು 2010ರಲ್ಲಿ ಹರಾಜಿನಲ್ಲಿ 43 ಲಕ್ಷ ಡಾಲರಿಗೆ ಮಾರಾಟವಾದವು.

ಸ್ಪ್ರಿಂಗ್‌ಫೀಲ್ಡ್‌ನಿಂದ ನಮ್ಮ ಕಡೆಗೂ ಒಂದು ದಾರಿಯಿದೆ. ಅಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ಕಾಸರಗೋಡು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, 1956ರವರೆಗೂ ಹಾಗೆಯೇ ಇತ್ತು. ನಮ್ಮ ಹಿರಿಯರು ಡ್ರಿಲ್ ಮಾಸ್ತರರೆಂದು ಕರೆಯುತ್ತಿದ್ದವರ ವಿದ್ಯೆಯ ಮೂಲವನ್ನು ಹುಡುಕಿದರೆ ಈ ದಾರಿ ಕಾಣುತ್ತದೆ.

ಇಂದು ನಮ್ಮ ಸಣ್ಣ ಶಾಲೆಗಳಲ್ಲಿ ಡ್ರಿಲ್ ಮಾಸ್ತರರೂ ಇಲ್ಲ. ಮಕ್ಕಳ ಸಂಖ್ಯೆ ನೋಡಿ ಹುದ್ದೆ ನಿರ್ಧರಿಸುವ ಲೆಕ್ಕದಲ್ಲಿ ಕನ್ನಡ ಶಾಲೆಗಳಿಗೆ ಆ ಹುದ್ದೆ ದಕ್ಕುವುದು ಕಷ್ಟ. ಆಟದ ಪೀರಿಯಡ್ಡು ವೇಳಾಪಟ್ಟಿಯಲ್ಲಿ ಇರುತ್ತದೆ. ಗಣಿತದ ಪಾಠ ಉಳಿದರೆ ಅಥವಾ ಪರೀಕ್ಷೆ ಹತ್ತಿರ ಬಂದರೆ ಅದು ಹೋಗುತ್ತದೆ. ಹಾಗೆ ಕಸಿದುಕೊಂಡವರಲ್ಲಿ ನಾವೂ ಇದ್ದೇವೆ. ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗ ನಾವೆಲ್ಲ ಬೀದಿಗಿಳಿದು ಕೂಗಿದೆವು. ಆಟದ ಮಾಸ್ತರರ ಕುರಿತು ಮಾತ್ರ ಅಷ್ಟು ದನಿಯೆತ್ತಲಿಲ್ಲ. ಆಟಕ್ಕೆ ಭಾಷೆ ಬೇಡವೆಂದು ನಮಗೆ ನಾವೇ ಹೇಳಿಕೊಂಡೆವು. ನೈಸ್ಮಿತ್ ಆಡಿಸುವ ಮೊದಲು ಮಾಡಿದ ಕೆಲಸ, ಆ ಹದಿನೆಂಟು ಮಂದಿ ಓದಬಲ್ಲ ಭಾಷೆಯಲ್ಲಿ ಹದಿಮೂರು ಸಾಲು ಬರೆದು ಫಲಕಕ್ಕೆ ಅಂಟಿಸಿದ್ದು.

ಕಳೆದ ಡಿಸೆಂಬರಿನಲ್ಲಿ ನಾವು ಐದನೆಯ ತರಗತಿಯ ಮಕ್ಕಳೊಡನೆ ಎರಡು ಬಿದಿರ ಬುಟ್ಟಿಗಳನ್ನು ಶಾಲೆಯ ಹಲಸಿನ ಮರಕ್ಕೂ ಎದುರಿನ ಕಂಬಕ್ಕೂ ಹಗ್ಗದಿಂದ ಕಟ್ಟಿದೆವು. ಹತ್ತು ಅಡಿ ಬಹಳ ಎತ್ತರವಾಯಿತು, ಏಳಕ್ಕೆ ಇಳಿಸಿದೆವು. ನಿಯಮಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆವು, ಜಗಳ ಮಾತ್ರ ತುಳುವಿನಲ್ಲಿಯೂ ಮಲಯಾಳದಲ್ಲಿಯೂ ನಡೆಯಿತು. ತರಗತಿಯಲ್ಲಿ ಬಾಯಿಬಿಡದ ಹುಡುಗಿಯೊಬ್ಬಳು ಮೊದಲ ಚೆಂಡು ಹಾಕಿದಳು. ಬುಧವಾರದ ಕೊನೆಯ ಪೀರಿಯಡ್ಡು ಈಗ ಈ ಆಟಕ್ಕೆ ಮೀಸಲು, ಅದನ್ನು ಯಾರೂ ಕೇಳುವಂತಿಲ್ಲ. ಮುಂದಿನ ರಕ್ಷಕ ಶಿಕ್ಷಕ ಸಂಘದ ಸಭೆಗೆ ಬರುವ ಹೆತ್ತವರು ತಮ್ಮ ಮಗುವಿನ ವೇಳಾಪಟ್ಟಿಯನ್ನು ಜೊತೆಗೆ ತಂದು, ಆಟದ ಪೀರಿಯಡ್ಡು ಎಲ್ಲಿದೆ, ಕಳೆದ ತಿಂಗಳು ಅದರಲ್ಲಿ ಏನು ನಡೆಯಿತು ಎಂದು ನಮ್ಮನ್ನು ಕೇಳಬೇಕು.